ಅತ್ತೆಯ ಹದಿನೇಳು ಹಲ್ಲು

ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿರುವವರು ನಗೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಕೆನ್ನೆ ಊದಿಸಿಕೊಂಡು, ಟವೆಲು ಒತ್ತಿಕೊಂಡು, ಬೆಳಿಗ್ಗೆ ಒಂಬತ್ತೂವರೆಗೆ ತಾನಾಗಿಯೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಬಿ.ಕಾಂ. ಮುಗಿಸಿ, ಬ್ಯಾಂಕಿನಲ್ಲಿ ಕೆಲಸ ಸಿಗುವ ತನಕ ಇರಲಿ ಎಂದು ೧೯೯೭ರಲ್ಲಿ ನಾನು ಕುಂದಾಪುರದ ಒಂದು ಹಲ್ಲಿನ ಕ್ಲಿನಿಕ್ಕಿಗೆ ಸೇರಿದೆ. ಬ್ಯಾಂಕಿನವರು ಇನ್ನೂ ಕರೆದಿಲ್ಲ. ಹೆಸರು ಬರೆದುಕೊಳ್ಳುವುದು, ಡಾಕ್ಟರ ಕೈಗೆ ಸಾಮಾನು ಕೊಡುವುದು, ಬಂದವರಿಗೆ ಹಲ್ಲು ತಿಕ್ಕುವುದು ಹೇಗೆಂದು ತೋರಿಸುವುದು, ಇದು ನನ್ನ ಕೆಲಸ. ಇಪ್ಪತ್ತು ವರ್ಷದಲ್ಲಿ ಸಾವಿರಾರು ಬಾಯಿಗಳಿಗೆ ಬುದ್ಧಿ ಹೇಳಿದ್ದೇನೆ. ಕೆಲವು ಕೇಳಿವೆ, ಕೆಲವು ಆಕಳಿಸಿವೆ. ಆದರೆ ಹಟ ಹಿಡಿದು, ಊಟ ನಿದ್ದೆ ಬಿಟ್ಟು ನಾನು ಕಾದಾಡಿದ್ದು ಹದಿನೇಳೇ ಹದಿನೇಳು ಹಲ್ಲಿಗೆ. ಅವು ಇದ್ದದ್ದು ನನ್ನ ಅತ್ತೆಯ ಬಾಯಿಯಲ್ಲಿ.

ಅತ್ತೆಯ ಬಾಯಿಗೆ ಕೈ ಹಾಕುವ ಮುಂಚೆ ಕೆರಾಡಿ ಎಂಬ ಹಳ್ಳಿಯವರ ವಿಷಯ ಹೇಳಿಬಿಡುತ್ತೇನೆ. ಈ ಕೆಲಸ ಎಷ್ಟು ಕಷ್ಟದ್ದು ಎಂದು ನನಗೆ ಮೊದಲು ಗೊತ್ತಾದದ್ದು ಅವರಿಂದ.

೧. ನೆಂಟರ ಬ್ರಶ್

ನಾನು ಸೇರಿ ಎರಡು ತಿಂಗಳಾಗಿತ್ತು. ಕೆರಾಡಿಯಿಂದ ಗಂಡ ಹೆಂಡತಿ ಬಂದರು. ಡಾಕ್ಟರು ಅವರ ಊರಿಗೆ ಕ್ಯಾಂಪಿಗೆ ಹೋದಾಗ ಪರಿಚಯವಾದವರು. ಕೊನೆಯ ಬಸ್ಸು ತಪ್ಪಿದ ಡಾಕ್ಟರಿಗೆ ಊಟ ಹಾಕಿ, ಚಾಪೆ ಕೊಟ್ಟು, ಬೆಳಿಗ್ಗೆ ನೀರು ದೋಸೆ ತಿನ್ನಿಸಿ ಕಳಿಸಿದ ಒಳ್ಳೆಯ ಜನ. ಹೆಂಡತಿಯ ಒಸಡು ಊದಿ, ಕೆನ್ನೆ ಹಲಸಿನ ಹಣ್ಣಿನ ಹಾಗಾಗಿತ್ತು.

"ಹಲ್ಲು ಯಾವುದರಲ್ಲಿ ತಿಕ್ಕುತ್ತೀರಿ?" ಎಂದು ಡಾಕ್ಟರು ಕೇಳಿದರು.

"ಮಾವಿನ ಎಲಿ. ಅದಿಲ್ದಿದ್ರೆ ಮಸಿ," ಎಂದ ಗಂಡ. ಹೆಂಡತಿಗೆ ಮಾತಾಡುವ ಸ್ಥಿತಿ ಇರಲಿಲ್ಲ.

"ಮನೆಯಲ್ಲಿ ಬ್ರಶ್ ಇಲ್ಲವಾ?"

ಗಂಡನಿಗೆ ಅವಮಾನವಾಯಿತು. "ಇಲ್ದೆ ಎಂತ ಡಾಕ್ಟ್ರೇ! ಒಳ್ಳೆ ಬ್ರಶ್ಶೇ ಇತ್ತ್. ಕುಂದಾಪ್ರದಿಂದ ತಂದದ್ದ್."

"ಯಾರದ್ದು ಅದು?"

"ಮನೆದ್."

ಡಾಕ್ಟರು ನನ್ನ ಮುಖ ನೋಡಿದರು. ನಾನು ಚೀಟಿ ನೋಡಿದೆ. ಗಂಡನೇ ಬಿಡಿಸಿ ಹೇಳಿದ. "ನಾವ್ ಯಾರೂ ಅದನ್ನ್ ಮುಟ್ಟುದಿಲ್ಲೆ. ನೆಂಟ್ರಿಗಂದೇ ಇಟ್ಟದ್ದ್. ಬೊಂಬಾಯಿಂದ ಬಪ್ಪರಿಗೆ ಮಾವಿನ ಎಲಿ ಆತಿಲ್ಲೆ ಕಾಣಿ."

ಒಳ್ಳೆಯ ಲೋಟ, ಒಳ್ಳೆಯ ಚಾಪೆ, ಒಳ್ಳೆಯ ಹಾಸು, ಎಲ್ಲವನ್ನೂ ನೆಂಟರಿಗೆಂದು ತೆಗೆದಿಡುವ ಮನೆ. ಬ್ರಶ್ಶೂ ಆ ಸಾಲಿಗೆ ಸೇರಿತ್ತು.

"ಎಷ್ಟು ಸಮಯವಾಯಿತು ತಂದು?"

"ನಮ್ ತಂಗಿ ಮದಿ ಹೊತ್ತಿಗ್ ತಂದದ್ದ್. ಈಗ ಅವ್ಳ ಮಗಳ್ ಶಾಲಿಗ್ ಹೋತ್ತ್."

ಡಾಕ್ಟರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಭಾಷಣಕ್ಕೆ ನಿಂತರು. ಒಬ್ಬರಿಗೆ ಒಂದು ಬ್ರಶ್. ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಒಬ್ಬರ ಬಾಯಿಯ ರೋಗ ಇನ್ನೊಬ್ಬರ ಬಾಯಿಗೆ ಹೋಗಲು ಬೇರೆ ದಾರಿಯೇ ಬೇಡ. "ಅಲ್ಲ ಮಾರಾಯರೇ, ಊರವರೆಲ್ಲ ತಿಕ್ಕಿದ್ದನ್ನು ಬಾಯಿಗೆ ಇಟ್ಟುಕೊಳ್ಳುತ್ತಾರಲ್ಲ, ಆ ನೆಂಟರಿಗಾದರೂ ಬುದ್ಧಿ ಬೇಡವಾ?"

ಆಗ ಹೆಂಡತಿ, ಊದಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಕಷ್ಟಪಟ್ಟು ಬಾಯಿ ತೆರೆದಳು.

"ಹೋದ್ ತಿಂಗ್ಳ್ ನಿಮ್ಗೂ ಅದನ್ನೇ ಕೊಟ್ಟದ್ದಲ್ದಾ ಡಾಕ್ಟ್ರೇ? ಭಾರಿ ಮೆತ್ತಗಿತ್ತ್ ಅಂದಿದ್ರಿ."

ಡಾಕ್ಟರು ಒಳಗೆ ಹೋದರು. ನಲ್ಲಿ ಬಹಳ ಹೊತ್ತು ಹರಿಯುತ್ತಿತ್ತು.

೨. ಕೆಂಪು ಕಂಡರೆ ತಾಜಾ

೧೯೯೯ರಲ್ಲಿ ನನಗೆ ಮದುವೆಯಾಯಿತು. ಕಡಲ ಬದಿಯ ಕೋಡಿಯಲ್ಲಿ ಮನೆ. ಗಂಡ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವರು. ಅತ್ತೆ ಮೀನು ಪೇಟೆಯಲ್ಲಿ ಮೂವತ್ತು ವರ್ಷದಿಂದ ಬುಟ್ಟಿ ಇಟ್ಟು ಕೂತವರು. ಪೇಟೆಯ ಆ ತುದಿಯಲ್ಲಿ ಅವರು ದರ ಕೂಗಿದರೆ ಈ ತುದಿಯ ಬೆಕ್ಕು ಎದ್ದು ಕೂರುತ್ತಿತ್ತು.

ನೆಂಟರು ಹೊಸ ಸೊಸೆಯ ಬಳೆ, ಸರ ನೋಡುತ್ತಿದ್ದಾಗ ನಾನು ಅತ್ತೆಯ ಹಲ್ಲು ನೋಡುತ್ತಿದ್ದೆ. ಅವರು ನಕ್ಕಾಗಲೆಲ್ಲ ಎಣಿಸಿದೆ. ಒಂದು ವಾರದಲ್ಲಿ ಲೆಕ್ಕ ಸಿಕ್ಕಿತು. ಹತ್ತೊಂಬತ್ತು. ಎಲೆ ಅಡಿಕೆ ಹೊಗೆಸೊಪ್ಪಿಗೆ ಕಪ್ಪಾದ ಹಲ್ಲುಗಳು, ಅವುಗಳ ಬುಡದಲ್ಲಿ ಕಲ್ಲಿನಂಥ ಕೊಳೆ, ಊದಿ ಕೆಂಪಾದ ಒಸಡು. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರಿಗೆ ರಕ್ತದ ಬಣ್ಣ. ಐವತ್ತೈದೂ ಆಗದ ಹೆಂಗಸು. ಅಡಿಗೆಯಲ್ಲಿ ನನಗೆ ಏನೂ ಬಾರದಿದ್ದರೂ ಬೈಯದೆ ಕಲಿಸಿದವರು. ಕಣ್ಣೆದುರೇ ಅವರ ಬಾಯಿ ಬರಿದಾಗುವುದನ್ನು ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ.

"ಅತ್ತೆ, ಒಸಡು ಇಷ್ಟು ಕೆಂಪಾಗಬಾರದು. ರಕ್ತ ಬರಬಾರದು. ಅದು ಕಾಯಿಲೆ," ಎಂದೆ.

ಅತ್ತೆ ಬಂಗುಡೆ ಹೆಚ್ಚುತ್ತಿದ್ದರು. ಕತ್ತಿ ನಿಲ್ಲಿಸಿ ನನ್ನನ್ನು ನೋಡಿದರು. "ಹೆಣೇ, ಮೀನ್ ತಾಜಾ ಇತ್ತಾ ಇಲ್ಯಾ ಅಂದ್ ಹ್ಯಾಂಗ್ ಕಾಂಬುದ್?"

"ಕಿವಿರು ಎತ್ತಿ ನೋಡೂದು."

"ಎತ್ರೆ ಎಂತ ಇರ್ಕ್?"

"ಕೆಂಪಿರಬೇಕು."

"ಬಿಳ್ಚಿದ್ರೆ?"

"ಹಳತು."

"ಹ್ಞಾಂ!" ಅತ್ತೆ ಮೀನಿನ ಕೈಯಲ್ಲೇ ತಮ್ಮ ತುಟಿಯನ್ನು ಮೇಲಕ್ಕೆತ್ತಿದರು, ಥೇಟು ಗಿರಾಕಿಗೆ ಮೀನಿನ ಕಿವಿರು ಎತ್ತಿ ತೋರಿಸುವ ಹಾಗೆ. "ಕಾಣ್! ಕೆಂಪ್ ಕೆಂಪ್ ಇತ್ತಾ? ಈಗ ನಿಂದ್ ತೋರ್ಸ್."

ನಾನು ಕಾಲೇಜು ಕಲಿತವಳು, ಒಸಡಿನ ಬಣ್ಣ ತಿಳಿ ಗುಲಾಬಿ ಇರಬೇಕು ಎಂಬ ಪಾಠ ಬಾಯಿಪಾಠ ಇದ್ದವಳು, ಹೆಮ್ಮೆಯಿಂದ ತುಟಿ ಎತ್ತಿ ತೋರಿಸಿದೆ. ಅತ್ತೆ ಬಗ್ಗಿ ನೋಡಿದರು. ಅವರ ಮುಖದಲ್ಲಿ ನಿಜವಾದ ಮರುಕ ಕಂಡಿತು.

"ಅಯ್ಯ ದೇವ್ರೇ! ನಿನ್ನನ್ನ್ ಬುಟ್ಟಿಯಲ್ಲಿಟ್ರೆ ಮಧ್ಯಾಹ್ನದ ಮೇಲೂ ಯಾರೂ ಕೇಂತಿಲ್ಲೆ."

೩. ಕೊಸರು

ಮಳೆಗಾಲದಲ್ಲಿ ದೋಣಿಗಳು ದಡದ ಮೇಲೆ ಬಂದವು, ಪೇಟೆ ತಣ್ಣಗಾಯಿತು, ಅದೇ ಸಮಯಕ್ಕೆ ಅತ್ತೆಗೆ ಹಲ್ಲುನೋವು ಎದ್ದಿತು. ಲವಂಗ ಇಟ್ಟರು, ಉಪ್ಪುನೀರು ಮುಕ್ಕಳಿಸಿದರು, ನನ್ನನ್ನು ಬೈದರು. ಯಾವುದರಿಂದಲೂ ಕಡಿಮೆಯಾಗದೆ ನನ್ನ ಜೊತೆ ಕ್ಲಿನಿಕ್ಕಿಗೆ ಹೊರಟರು.

ಡಾಕ್ಟರು ಕನ್ನಡಿ ಹಾಕಿ ನೋಡಿ, "ಮೂರು ಅಲುಗಾಡುತ್ತಿವೆ. ತೆಗೆಯಬೇಕು," ಎಂದರು.

"ಮೂರ್ ಹೆಚ್ಚಾಯ್ತ್," ಎಂದರು ಅತ್ತೆ. "ಒಂದ್ ತೆಗಿನಿ."

"ಅಮ್ಮ, ಇದು ಮೀನಲ್ಲ."

"ನಾ ಮೀನ್ ಅಂದ್ನಾ? ಒಂದ್ ಅಂದೆ."

"ಮೂರಕ್ಕೆ ಕಡಿಮೆ ಆಗುವುದಿಲ್ಲ."

ಅತ್ತೆ ಕುರ್ಚಿಯಿಂದ ಇಳಿದರು. ಸೆರಗು ಸರಿ ಮಾಡಿಕೊಂಡರು. ಕೊಡೆ ತೆಗೆದುಕೊಂಡು ಬಾಗಿಲ ಕಡೆಗೆ ನಡೆದರು. ಆ ನಡಿಗೆ ಮೀನು ಪೇಟೆಗೆ ಹೋದವರಿಗೆಲ್ಲ ಗೊತ್ತು. ಅವಸರವಿಲ್ಲ, ಹಿಂದೆ ತಿರುಗಿ ನೋಡುವುದಿಲ್ಲ, ಕಿವಿ ಮಾತ್ರ ಹಿಂದೆ ಇರುತ್ತದೆ. ನಾಲ್ಕನೇ ಹೆಜ್ಜೆಗೆ ಮಾರುವವರು ಕರೆಯಲೇಬೇಕು.

ನಮ್ಮ ಡಾಕ್ಟರೋ ದಿನಾ ಬೆಳಿಗ್ಗೆ ಚೀಲ ಹಿಡಿದು ಮೀನಿಗೆ ಹೋಗುವವರು. ಆ ನಡಿಗೆ ಕಂಡ ಕೂಡಲೇ ಅವರ ಬಾಯಿಂದ ತಾನಾಗಿಯೇ ಹೊರಟಿತು. "ಬನ್ನಿ, ಬನ್ನಿ. ಎರಡಕ್ಕೆ ಮುಗಿಸುವ."

ಹೇಳಿದ ಮೇಲೆ ಅವರಿಗೇ ನಾಚಿಕೆಯಾಗಿ ನನ್ನ ಕಡೆ ತಿರುಗಿ, "ಮೂರನೆಯದು ಒಸಡು ಸರಿಯಾದರೆ ಗಟ್ಟಿಯಾಗಲೂಬಹುದು," ಎಂದು ಗಂಟಲು ಸರಿಪಡಿಸಿಕೊಂಡರು.

ಅತ್ತೆ ವಾಪಸು ಬಂದು ಕುರ್ಚಿ ಹತ್ತಿದರು. "ಎರಡ್ ತೆಗೂಕೆ ಕೊಸ್ರ್ ಎಂತ ಹಾಕ್ತ್ರಿ?"

ಮೇಲಿಷ್ಟು ಬಿಟ್ಟಿ ಕೊಸರಿಲ್ಲದೆ ಅತ್ತೆ ಜೀವಮಾನದಲ್ಲಿ ಒಂದು ವ್ಯಾಪಾರ ಮುಗಿಸಿದವರಲ್ಲ. ಡಾಕ್ಟರು ಸೋತು, "ಆಯ್ತು, ಕ್ಲೀನಿಂಗ್ ಮಾಡಿಕೊಡುತ್ತೇನೆ," ಎಂದರು. ಕ್ಲೀನಿಂಗ್ ಮಾಡಿದರೆ ಹಲ್ಲು ಸಡಿಲವಾಗುತ್ತದೆ ಎಂದು ಊರೆಲ್ಲ ಹೆದರುವ ಕಾಲ ಅದು. ದುಡ್ಡು ಕೊಟ್ಟು ಮಾಡಿಸಿಕೊಳ್ಳಿ ಎಂದಿದ್ದರೆ ಅತ್ತೆ ಖಂಡಿತ ಒಪ್ಪುತ್ತಿರಲಿಲ್ಲ. ಕೊಸರೆಂದ ಮೇಲೆ ಬಿಡುವುದುಂಟೇ?

ಹದಿನೇಳು ಉಳಿದವು. ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು. ಹೊಗೆಸೊಪ್ಪು ಬಿಡಬೇಕು. ಮೆತ್ತಗಿನ ಬ್ರಶ್ಶಿನಲ್ಲಿ ದಿನಕ್ಕೆ ಎರಡು ಸಲ, ಮಲಗುವ ಮುಂಚಿನದ್ದು ತಪ್ಪಲೇಬಾರದು. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಇಷ್ಟು ಮಾಡಿದರೆ ಉಳಿಯುತ್ತವೆ, ಇಲ್ಲದಿದ್ದರೆ ಇಲ್ಲ.

ಆ ಸಂಜೆಯೇ ನಾನು ಅತ್ತೆಯ ಎದುರು ಕೂತು, ಹೆದರಿಸಿದರೆ ದಾರಿಗೆ ಬಂದಾರು ಎಂದು, ಡಾಕ್ಟರು ಹೇಳಿದ್ದಕ್ಕೆ ಸ್ವಲ್ಪ ಖಾರ ಹಾಕಿ ಹೇಳಿದೆ. "ಕೇಳಿ ಅತ್ತೆ. ಹೀಗೇ ಬಿಟ್ಟರೆ ಎರಡೇ ವರ್ಷ. ಹದಿನೇಳಕ್ಕೆ ಹದಿನೇಳೂ ಬೀಳುತ್ತವೆ. ಬರೆದಿಟ್ಟುಕೊಳ್ಳಿ."

ಅತ್ತೆ ಬಾಯಿಯ ಹತ್ತಿಯನ್ನು ಒಂದು ಬದಿಗೆ ಸರಿಸಿ ಹೇಳಿದರು. "ನೀ ಹೇಳ್ದ್ ಕೂಡ್ಲೆ ಬೀಳುಕೆ ಅವೆಂತ ನಿನ್ನ್ ಅಪ್ಪನ್ ಮನಿಯಿಂದ ಬಂದದ್ದಾ?"

೪. ಒಂದು ಗಂಟೆಯ ಬ್ರಶ್

ಅತ್ತೆಗೆ ಬ್ರಶ್ ತಂದುಕೊಟ್ಟೆ. ಅವರು ಅದರಲ್ಲಿ ತಕ್ಕಡಿಯ ತಟ್ಟೆ ತಿಕ್ಕಿದರು. ಇನ್ನೊಂದು ತಂದೆ. ಅದು ಚಿಮಣಿ ದೀಪದ ಗಾಜಿಗೆ ಹೋಯಿತು. ಮೂರನೆಯದನ್ನು ಕೊಡುವಾಗ ನಾನು ಮಾಡಿದ ದೊಡ್ಡ ತಪ್ಪು ಎಂದರೆ ಗಂಡನನ್ನು ಉದಾಹರಣೆ ಕೊಟ್ಟದ್ದು. "ನಿಮ್ಮ ಮಗನನ್ನು ನೋಡಿ, ದಿನಾ ತಿಕ್ಕುವುದಿಲ್ಲವಾ?"

ನನ್ನ ಗಂಡ ಹಲ್ಲು ತಿಕ್ಕುವುದು ಒಂದು ಮೆರವಣಿಗೆ. ಆರು ಗಂಟೆಗೆ ಬ್ರಶ್ ಬಾಯಿಗಿಟ್ಟರೆ ಮೊದಲು ಬಾವಿಕಟ್ಟೆ. ಅಲ್ಲಿಂದ ಪಕ್ಕದ ಮನೆಯ ಬೇಲಿ. ಅಲ್ಲಿ ಬ್ರಶ್ಶನ್ನು ದವಡೆಗೆ ಒತ್ತಿ ಹಿಡಿದು, ನೊರೆ ಹೊರಗೆ ಬಾರದ ಹಾಗೆ ಮುಖ ಆಕಾಶಕ್ಕೆ ಎತ್ತಿ, ನಿನ್ನೆ ಯಾರ ಬಲೆಗೆ ಎಷ್ಟು ಬಿತ್ತು ಎಂಬ ವಿಚಾರ. ಮತ್ತೆ ಕಡಲ ದಂಡೆ. ದಂಡೆಯಲ್ಲಿ ಹಾಗೆಯೇ ಬ್ರಶ್ ಬಾಯಲ್ಲಿಟ್ಟು ಮುಖ ಮೇಲೆತ್ತಿ ನಿಂತ ಇನ್ನೂ ಎಂಟು ಹತ್ತು ಜನ. ಹೊರಗಿನವರು ಕಂಡರೆ ಇವರೆಲ್ಲ ಸೂರ್ಯನಮಸ್ಕಾರಕ್ಕೆ ನಿಂತಿದ್ದಾರೆ ಎಂದುಕೊಳ್ಳಬೇಕು. ಏಳು ಗಂಟೆಗೆ ಮನೆಗೆ ಬಂದು ಉಗುಳುವಾಗ ದೋಣಿಯ ತಳ ಉಜ್ಜುವ ಹಾಗೆ ಕೊನೆಯ ನಾಲ್ಕು ಉಜ್ಜು. ಬ್ರಶ್ಶೋ, ಅಂಗಡಿಯಲ್ಲಿ ಇದ್ದದ್ದರಲ್ಲಿ ಅತಿ ಗಟ್ಟಿಯದು.

ಆ ದಿನ ಅತ್ತೆ ಮಗನ ಉಗುಳನ್ನು ಹೋಗಿ ನೋಡಿ ಬಂದರು.

"ಅವನದ್ರಲ್ಲೂ ರಕ್ತ ಇತ್ತ್. ತಿಕ್ಕುವನ ಬಾಯಲ್ಲೂ ರಕ್ತ, ತಿಕ್ಕದ ನನ್ ಬಾಯಲ್ಲೂ ರಕ್ತ. ಪೇಸ್ಟಿನ ದುಡ್ಡ್ ಉಳ್ದದ್ದ್ ಯಾರಿಗೆ?"

ಸೋತು ಕೂರುವ ಜಾತಿಯವಳು ನಾನಲ್ಲ. ಮೊದಲು ಮಗನನ್ನು ಸರಿ ಮಾಡಿದರೆ ತಾಯಿ ದಾರಿಗೆ ಬಂದಾರು ಎಂದು ಗಂಡನ ಗಟ್ಟಿ ಬ್ರಶ್ಶನ್ನು ಒಲೆಗೆ ಹಾಕಿದೆ. ಮೆತ್ತಗಿನದು ಕೊಟ್ಟು, ಕೈ ಹಿಡಿದು ತೋರಿಸಿದೆ. ಬಟಾಣಿ ಕಾಳಿನಷ್ಟು ಪೇಸ್ಟು. ಒಸಡಿನ ಅಂಚಿನಲ್ಲಿ ಸಣ್ಣ ಸಣ್ಣ ಸುತ್ತು. ಒಳಬದಿ, ಹೊರಬದಿ, ಜಗಿಯುವ ಬದಿ. ಕೊನೆಗೆ ನಾಲಗೆ. ಎಲ್ಲ ಸೇರಿ ಎರಡು ನಿಮಿಷ. ಗಡಿಯಾರ ಹಿಡಿದು ನಿಂತೆ.

ಹದಿನೈದು ದಿನದಲ್ಲಿ ರಕ್ತ ನಿಂತಿತು. ಗಂಡನ ಮುಖ ಮಾತ್ರ ಬಾಡಿತ್ತು.

"ಇನ್ನೇನು ಸಂಕಟ ನಿಮಗೆ?" ಎಂದು ಕೇಳಿದೆ.

"ಎರಡ್ ನಿಮ್ಷದಲ್ಲಿ ನಾ ಬೇಲಿ ತನ್ಕವೂ ಹೋಪುಕೆ ಆತಿಲ್ಲೆ ಮಾರಾಯ್ತಿ. ಊರಲ್ಲಿ ಎಂತ ಆಯ್ತ್ ಅಂದೇ ಗೊತ್ತಾತಿಲ್ಲೆ."

೫. ಹತ್ತಕ್ಕೆ ಒಂದು ಕಡಿಮೆ

ಪೇಟೆಯಲ್ಲಿ ಅತ್ತೆಯ ಪಕ್ಕದ ಬುಟ್ಟಿಯವಳು ಅವರಿಗೆ ಹಳೆಯ ಎದುರಾಳಿ. ಇವರು ಹತ್ತು ಬಂಗುಡೆಗೆ ಒಂದು ದರ ಕೂಗಿದರೆ ಅವಳು ಒಂದು ರೂಪಾಯಿ ಇಳಿಸಿ ಕೂಗುವವಳು. ಅವಳ ಮೇಲಿನ ಹಲ್ಲುಗಳೆಲ್ಲ ಒಸಡಿನ ಕಾಯಿಲೆಯಲ್ಲೇ ಹೋಗಿ, ಕಟ್ಟು ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಳು. ಸಡಿಲವೆನಿಸಿದರೆ ಕೂಡಲೇ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಸಡಿಲವೆನಿಸಿತ್ತು. ಬಂಗುಡೆಯ ಸೀಸನ್ ಮುಗಿಯಲಿ ಎಂದು ಕಾಯುತ್ತಿದ್ದಳು.

ಒಂದು ದಿನ ಬುಟ್ಟಿ ತುಂಬ ಬಂಗುಡೆ, ಎದುರಿಗೆ ಜನ. ಅವಳು ಒಬ್ಬ ಗಿರಾಕಿಯ ಚೀಲಕ್ಕೆ ಮೀನು ಎಣಿಸಿ ಹಾಕುತ್ತಲೇ ಮತ್ತೊಬ್ಬರನ್ನು ಕರೆಯಲು "ಬನಿ ಬನಿ ಬನಿ" ಎಂದು ಗಂಟಲು ಬಿಟ್ಟು ಕೂಗಿದಳು. ಮೂರನೇ "ಬನಿ"ಗೆ ಸೆಟ್ಟೂ ಹೊರಟಿತು.

ಅವಳು ಫಕ್ಕನೆ ಬಾಯಿಗೆ ಸೆರಗು ಮುಚ್ಚಿದಳು. ಬುಟ್ಟಿ ಕೆದಕಿದಳು, ಐಸು ಕೆದಕಿದಳು, ಅತ್ತೆಯ ಬುಟ್ಟಿಯನ್ನೂ ಕೆದಕಿದಳು. ಎಲ್ಲಿಯೂ ಇಲ್ಲ. ಅತ್ತೆ ಏನಾಯಿತೆಂದು ಕೇಳಿದರೆ ಸೆರಗಿನೊಳಗಿಂದ ಬರೀ ಗಾಳಿ. ಕಡೆಗೆ ಸೆರಗು ಸರಿಸಿ ತೋರಿಸಿದಳು. ಗಿರಾಕಿಗಳು ಕಾಯುತ್ತಿದ್ದರು. ಅವಳಿಗೆ ಕೂಗಲು ಸಾಧ್ಯವಿಲ್ಲ. ಆ ಬೆಳಿಗ್ಗೆಯೆಲ್ಲ ನನ್ನ ಅತ್ತೆ ಎರಡೂ ಬುಟ್ಟಿಗಳ ದರವನ್ನು ತಾವೇ ಕೂಗಿದರು. ತಮ್ಮದಕ್ಕೆ ಒಂದು ದರ, ಅವಳದಕ್ಕೆ ಒಂದು ರೂಪಾಯಿ ಕಡಿಮೆ. "ಅವ್ಳ್ ದಿನಾ ಕೂಗುದೇ ಹಾಂಗ್ ಅಲ್ದಾ, ನ್ಯಾಯ ಅಂದ್ರೆ ನ್ಯಾಯ," ಎಂದು ಆಮೇಲೆ ನನಗೆ ಹೇಳಿದರು.

ಮಧ್ಯಾಹ್ನ ಆ ಗಿರಾಕಿ ಹೆಂಗಸು ವಾಪಸು ಬಂದಳು. ಮನೆಗೆ ಹೋಗಿ ಚೀಲ ಸುರಿದಾಗ ಬಂಗುಡೆಗಳ ನಡುವೆ ಹಲ್ಲು ಕಿಸಿದುಕೊಂಡು ಮಲಗಿತ್ತಂತೆ. ಹೆದರಿ ಕೂಗಿ, ಧೈರ್ಯ ತಂದುಕೊಂಡು, ಕಾಗದದಲ್ಲಿ ಸುತ್ತಿ ತಂದಿದ್ದಳು. ಬುಟ್ಟಿಯವಳು ಎರಡೂ ಕೈ ಮುಗಿದಳು. ಗಿರಾಕಿ ಮಾತ್ರ ಕಟ್ಟನ್ನು ಕೈಬಿಡಲಿಲ್ಲ.

"ಕೊಡುದ್ ಕೊಡ್ತೆ. ಮೊದ್ಲ್ ಒಂದ್ ಬಂಗ್ಡೆ ಹಾಕ್. ಇದನ್ನೂ ಸೇರ್ಸಿ ಹತ್ತ್ ಎಣ್ಸಿದ್ದೆ ನೀನ್."

೬. ಹದಿನೈದು ದಿನದ ಕರ್ಫ್ಯೂ

ಆ ಸಂಜೆ ಅತ್ತೆ ನಗುತ್ತ ಮನೆಗೆ ಬರಲಿಲ್ಲ. ಅಂಗಳದಲ್ಲಿ ಬುಟ್ಟಿ ಇಳಿಸಿ, ಅಲ್ಲೇ ಕೂತರು. "ಗಂಟ್ಲ್ ಇದ್ದೂ ಕೂಗುಕೆ ಆಯ್ಲಿಲ್ಲೆ ಅವ್ಳಿಗೆ," ಎಂದರು. ಮತ್ತೆ, "ಆ ಬ್ರಶ್ ಎಲ್ಲಿತ್ತ್?" ಎಂದರು.

ನಾನು ಕುಣಿಯಲಿಲ್ಲ. ಕುಣಿದರೆ ಅವರು ಮನಸ್ಸು ಬದಲಿಸುತ್ತಾರೆಂದು ಗೊತ್ತಿತ್ತು.

ಬೆಳಗಿನದು ಸುಲಭವಾಯಿತು. ರಾತ್ರಿಯದಕ್ಕೆ ವಾದ ನಡೆಯಿತು. "ಬೆಳಿಗ್ಗೆ ತಿಕ್ಕಿದ್ರೆ ನಾಲ್ಕ್ ಜನ ಕಾಂತ್ರ್. ಉಂಡ್ ಮನಿಕಂಬುಕೆ ಹೋಪತ್ತಿಗೆ ತಿಕ್ಕಿ ಯಾರಿಗ್ ತೋರ್ಸುದ್?"

"ಹಲ್ಲು ತಿನ್ನುವ ಕ್ರಿಮಿಗೆ ರಾತ್ರಿ ಪಾಳಿ ಅತ್ತೆ. ನಿದ್ದೆಯಲ್ಲಿ ಬಾಯಿ ಒಣಗಿರುತ್ತದೆ, ಹಲ್ಲಿನ ಸಂದಿಯಲ್ಲಿ ಅನ್ನ ಇರುತ್ತದೆ. ನೀವು ಅದಕ್ಕೆ ಊಟ ಬಡಿಸಿ, ದೀಪ ಆರಿಸಿ, ಮಲಗಿದ ಹಾಗೆ."

ಬಿಟ್ಟಿ ಊಟ ಹಾಕುವುದು ಅತ್ತೆಯ ಸ್ವಭಾವಕ್ಕೆ ಒಗ್ಗದ್ದು. ಒಪ್ಪಿದರು.

ಕೊನೆಗೆ ಹೊಗೆಸೊಪ್ಪು. ಒಂದು ಬೆಳಿಗ್ಗೆ ಸಂಚಿಯನ್ನು ನನ್ನ ಕೈಗೆ ಕೊಟ್ಟು, "ಅಡಗ್ಸಿಡ್. ನಾ ಕೇಂಡ್ರೂ ಕೊಡ್ಬೇಡ, ಬೈದ್ರೂ ಕೊಡ್ಬೇಡ," ಎಂದರು. ಒಂದು ಗಂಟೆಯಲ್ಲಿ ಕೇಳಿದರು. ಎರಡು ಗಂಟೆಯಲ್ಲಿ ಬೈದರು. ಮೂರನೇ ದಿನ ನನ್ನ ಅಪ್ಪ ಅಮ್ಮ ಅಜ್ಜ ಯಾರೂ ಉಳಿಯಲಿಲ್ಲ. ಮನೆಯಲ್ಲಿ ಎಲ್ಲರೂ ಗೋಡೆ ಹಿಡಿದು ನಡೆಯುತ್ತಿದ್ದೆವು. ಗಂಡ ಬೇಕೆಂದೇ ರಾತ್ರಿ ಪಾಳಿ ಕೇಳಿ ಪಡೆದರು. ಸಂಚಿ ನನ್ನ ಕ್ಲಿನಿಕ್ಕಿನ ಬೀರುವಿನಲ್ಲಿತ್ತು, ಬೀಗದ ಕೈ ಡಾಕ್ಟರ ಜೇಬಿನಲ್ಲಿತ್ತು. ಅವರೂ ಆ ದಿನಗಳಲ್ಲಿ ಮೀನಿಗೆ ಬೇರೆ ದಾರಿಯಲ್ಲಿ ಹೋಗುತ್ತಿದ್ದರು.

ಹದಿನೈದು ದಿನ ಕಳೆದ ಮೇಲೆ ಅತ್ತೆ ತಣ್ಣಗಾದರು. ಒಂದು ತಿಂಗಳಿಗೆ ಅಡಿಕೆಯೂ ಹೋಯಿತು. "ವ್ಯಾಪಾರಕ್ಕೆ ತೊಂದರೆ ಆಯಿತಾ ಅತ್ತೆ?" ಎಂದು ಅಳುಕುತ್ತ ಕೇಳಿದೆ.

"ಎಂತದ್ ತೊಂದ್ರೆ? ಆ ಹದ್ನೈದ್ ದಿನ ಒಬ್ರೂ ಚೌಕಾಸಿ ಮಾಡ್ಲಿಲ್ಲೆ. ಇನ್ನೊಂದ್ಸಲಿ ಬಿಡುಕೆ ಬೇರೆ ಎಂತಾರೂ ಚಟ ಇತ್ತಾ ಕಾಣ್."

೭. ಬ್ರಹ್ಮಾವರದ ಮದುವೆ

ಹಟಕ್ಕೆ ಬಿದ್ದವರನ್ನು ಒಂದು ಕಡೆ ತಳ್ಳಬಹುದು, ಆಮೇಲೆ ನಿಲ್ಲಿಸಲಾಗದು. ಊಟವಾದ ಮೇಲೆ ಬಾಯಿ ಚೆನ್ನಾಗಿ ಮುಕ್ಕಳಿಸಿ ಎಂದು ಡಾಕ್ಟರು ಹೇಳಿದ್ದರು, ಅಷ್ಟೇ. ಅತ್ತೆ ಬ್ರಶ್ಶನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು ಓಡಾಡತೊಡಗಿದರು.

ಬ್ರಹ್ಮಾವರದಲ್ಲಿ ನೆಂಟರ ಮದುವೆ. ಮೊದಲನೇ ಪಂಕ್ತಿಯಲ್ಲಿ ಕೂತು ಉಂಡು ಎದ್ದ ಅತ್ತೆ, ಕೈ ತೊಳೆಯುವ ನಲ್ಲಿಗಳ ಸಾಲಿನಲ್ಲಿ, ನೂರು ಜನರ ಎದುರು ಬ್ರಶ್ ತೆಗೆದು ತಿಕ್ಕಲು ಶುರು ಮಾಡಿದರು. ಹುಡುಗಿಯ ಅಪ್ಪ ಗಾಬರಿಯಿಂದ ಓಡಿ ಬಂದ. "ಎಂತಾಯ್ತ್ ಅಕ್ಕಾ? ಊಟದಲ್ಲಿ ಎಂತಾರೂ ಬಿದ್ದಿತ್ತಾ?"

ಅತ್ತೆಯ ಬಾಯಿ ತುಂಬ ನೊರೆ. ಎರಡು ನಿಮಿಷ ಆಗುವ ಮೊದಲು ಉಗುಳುವವರಲ್ಲ. ಬೆರಳು ಅಲ್ಲಾಡಿಸಿ, ಸ್ವಲ್ಪ ತಡಿ ಎಂದು ಸನ್ನೆ ಮಾಡಿದರು. ಆತ ಅದನ್ನು ಕಂಡು ಅಡಿಗೆಯವರನ್ನು ಕರೆಸಿದ. ಅಡಿಗೆಯವರು ಸಾರಿನ ಪಾತ್ರೆಯನ್ನೇ ಹೊತ್ತು ತಂದು ಸೌಟಿನಲ್ಲಿ ತಳ ಕೆದಕಿ ತೋರಿಸಿದರು. ಎರಡನೇ ಪಂಕ್ತಿಗೆ ಕಾಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರು ಚಪ್ಪಲಿ ಹುಡುಕತೊಡಗಿದರು. ನಾನು ಕಂಬದ ಹಿಂದೆ ನಿಂತು, ಇವರು ನನ್ನ ಅತ್ತೆಯೇ ಅಲ್ಲ ಎಂಬ ಮುಖ ಮಾಡಿದ್ದೆ.

ಅತ್ತೆ ನಿಧಾನಕ್ಕೆ ಉಗುಳಿ, ಬಾಯಿ ಮುಕ್ಕಳಿಸಿ, ಸೆರಗಿನಲ್ಲಿ ಒರೆಸಿಕೊಂಡರು.

"ಊಟ ಭಾರಿ ಲಾಯ್ಕಿತ್ತ್. ಎರಡ್ನೇ ಪಂಕ್ತಿಗೂ ಕೂಕಂಬ ಅಂದ್ ತೊಳ್ಕಂಡದ್ದ್."

೮. ಉಪ್ಪುಂದದ ಸಭೆ

ಹನ್ನೆರಡು ವರ್ಷ ದಾಟಿತು. ಆರು ತಿಂಗಳಿಗೊಮ್ಮೆ ಅತ್ತೆ ಕ್ಲಿನಿಕ್ಕಿಗೆ ಬರುತ್ತಿದ್ದರು, ಪ್ರತಿ ಸಲ ಕೊಸರು ಕೇಳುತ್ತಿದ್ದರು. ಒಂದು ದಿನ ಡಾಕ್ಟರು ಎರಡು ಸಲ ಎಣಿಸಿ, ಚೀಟಿ ನೋಡಿ, ಮತ್ತೆ ಎಣಿಸಿದರು. ಹದಿನೇಳು. ಅಂದು ಚೌಕಾಸಿಯಲ್ಲಿ ಬಿಟ್ಟ ಮೂರನೆಯದೂ ಕಲ್ಲಿನ ಹಾಗೆ ಕೂತಿತ್ತು. ಒಸಡಿನಲ್ಲಿ ಒಂದು ಹನಿ ರಕ್ತವಿಲ್ಲ.

"ಮುಂದಿನ ವಾರ ಉಪ್ಪುಂದದಲ್ಲಿ ಮೀನು ಮಾರುವ ಹೆಂಗಸರಿಗೆ ಕ್ಯಾಂಪು ಇದೆ," ಎಂದರು ಡಾಕ್ಟರು. "ನನ್ನ ಭಾಷಣ ಯಾರೂ ಕೇಳುವುದಿಲ್ಲ. ನೀವು ಬಂದು ನಾಲ್ಕು ಮಾತು ಹೇಳಬೇಕಮ್ಮ."

ನಾನು ಹೊಸ ಸೀರೆ ಉಟ್ಟೆ. ಮುಚ್ಚಿಡುವುದೇಕೆ, ನನಗೊಂದು ಆಸೆ ಇತ್ತು. ಹನ್ನೆರಡು ವರ್ಷ ಬೈಗುಳ ತಿಂದಿದ್ದೇನೆ. ಅಷ್ಟು ಜನರ ಎದುರು ಅತ್ತೆ ಒಂದು ಮಾತು, ನನ್ನ ಸೊಸೆಯಿಂದ ಉಳಿಯಿತು ಎಂದು ಹೇಳಿದರೆ ಸಾಕಿತ್ತು.

ಸಭೆ ತುಂಬಿತ್ತು. ಡಾಕ್ಟರು ಬ್ರಶ್ಶು, ಒಸಡು, ಹೊಗೆಸೊಪ್ಪು ಎಂದು ಹತ್ತು ನಿಮಿಷ ಮಾತಾಡಿದರು. ಮುಂದಿನ ಸಾಲಿನವರು ಆಕಳಿಸಿದರು. ಕೊಡಲು ತಂದ ಇನ್ನೂರು ಬ್ರಶ್ಶುಗಳ ಪೆಟ್ಟಿಗೆಯ ಹತ್ತಿರ ಒಂದು ನೊಣ ಬಿಟ್ಟರೆ ಯಾರೂ ಸುಳಿಯಲಿಲ್ಲ. ಆಗ ಅತ್ತೆಯನ್ನು ಕರೆದರು.

ಅತ್ತೆ ಮೈಕನ್ನು ಪಕ್ಕಕ್ಕೆ ತಳ್ಳಿದರು. ಅವರಿಗೆ ಅದು ಬೇಡವಿತ್ತು. ಎರಡೂ ಕೈಯಿಂದ ತುಟಿ ಅಗಲಿಸಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿ ತೋರಿಸಿದರು. ಸಭೆ ಎದ್ದು ಕೂತಿತು.

"ಹದ್ನೇಳ್ ಇತ್ತ್. ಎಣ್ಸುಕ್ ಬಪ್ಪರ್ ಬಂದ್ ಎಣ್ಸಿನಿ," ಎಂದರು.

"ಇಷ್ಟು ಚೆನ್ನಾಗಿ ಉಳಿಸಿಕೊಂಡಿರಲ್ಲ ಅಮ್ಮ, ಯಾರಿಂದ ಸಾಧ್ಯವಾಯಿತು, ಹೇಳಿ," ಎಂದರು ಡಾಕ್ಟರು, ನನ್ನ ಕಡೆ ಕಣ್ಣು ಹೊಡೆದು. ನಾನು ಸೆರಗು ಸರಿ ಮಾಡಿಕೊಂಡೆ.

"ಯಾರಿಂದ ಅಂದ್ರೆ? ಅಕಾ, ಅಲ್ಲಿ ಕೂಕಂಡಿತ್ತಲೆ, ಹಸ್ರ್ ಸೀರಿ, ಅದ್ ನನ್ ಸೊಸಿ. ಅವ್ಳಿಂದ." ಎಲ್ಲರೂ ನನ್ನ ಕಡೆ ತಿರುಗಿದರು. "ಮದಿಯಾಯಿ ಬಂದ್ ವರ್ಷ ತುಂಬ್ಲಿಲ್ಲೆ, ನನ್ ಎದ್ರಿಗ್ ಕೂಕಂಡ್ ಹೇಳಿದ್ಲ್, ಎರಡ್ ವರ್ಷದಲ್ಲಿ ನಿಮ್ ಹದ್ನೇಳೂ ಬೀಳತ್ತ್, ಬರ್ದಿಟ್ಕಣಿ ಅಂದ್! ನಿನ್ ಮಾತ್ ಸುಳ್ಳ್ ಮಾಡ್ದಿದ್ರೆ ನಾನ್ ನಿನ್ ಅತ್ತಿಯೇ ಅಲ್ಲ ಅಂದ್ ಅವತ್ತೇ ಮನ್ಸಲ್ ಹೇಳ್ಕಂಡೆ. ಬ್ರಶ್ ಹಿಡುಕೆ ತಡ ಆಯ್ತ್, ಹಟ ಹಿಡುಕೆ ತಡ ಆಯ್ಲಿಲ್ಲೆ. ಹೊಗೆಸೊಪ್ಪ್ ಬಿಟ್ಟೆ. ಎರಡ್ ಹೊತ್ತ್ ತಿಕ್ದೆ. ನಿದ್ದಿ ಬಂದ್ರೂ ತಿಕ್ದೆ, ಜ್ವರ ಬಂದ್ರೂ ತಿಕ್ದೆ. ಹನ್ನೆರಡ್ ವರ್ಷ ಆಯ್ತ್. ಈಗ ಹೇಳಿನಿ ಕಾಂಬ, ಗೆದ್ದದ್ದ್ ಯಾರ್?"

"ನೀವೇ ನೀವೇ!" ಎಂದು ಸಭೆ ಕೂಗಿತು. ಸಭೆಯಲ್ಲಿ ಮುಕ್ಕಾಲು ಪಾಲು ಅತ್ತೆಯರೇ ಇದ್ದರು. ಚಪ್ಪಾಳೆಯೋ ಚಪ್ಪಾಳೆ. ಡಾಕ್ಟರೂ ತಟ್ಟಿದರು. ನಾನು ಏನು ಮಾಡಲಿ, ನಾನೂ ತಟ್ಟಿದೆ. ಸೋತವಳು ನಾನು, ಉಳಿದದ್ದು ನಾನು ಉಳಿಸಬೇಕೆಂದಿದ್ದ ಹಲ್ಲು. ಯಾವುದಕ್ಕೆ ಅಳಬೇಕು, ಯಾವುದಕ್ಕೆ ನಗಬೇಕು?

ಬ್ರಶ್ಶಿನ ಪೆಟ್ಟಿಗೆಗೆ ಜನ ಮುಗಿಬಿದ್ದರು. ಆ ಗದ್ದಲದಲ್ಲಿ ಮುಂದಿನ ಸಾಲಿನ ಒಬ್ಬ ಮುದುಕಿ, ಆಕಳಿಸಿದವರಲ್ಲಿ ಮೊದಲಿಗಳು, ಹೇಗೋ ನುಗ್ಗಿ ಒಂದು ಬ್ರಶ್ ಹಿಡಿದುಕೊಂಡು ಬಂದಳು. ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ತನ್ನ ಸೊಸೆಯ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹೆಣೇ, ನೀನೂ ಹೇಳ್ ಕಾಂಬ! ನಿಮ್ ಹಲ್ಲ್ ಬೀಳತ್ತ್ ಅಂದ್ ಒಂದ್ಸಲಿ ಹೇಳ್! ನಾನೂ ತೋರ್ಸ್ತೆ ನಿಂಗ್!"

ಸೊಸೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬಹಳ ಮೆತ್ತಗೆ ಹೇಳಿದಳು.

"ಹೇಳುಕೆ ನಂಗೆಂತ ಅತ್ತೇ... ಆದ್ರೆ ಬೀಳುಕೆ ನಿಮ್ ಬಾಯಲ್ಲಿ ಒಂದ್ ಹಲ್ಲಾರೂ ಇರ್ಕಲೆ!"